ಬಿತ್ತುವ ದಿನ ನೆಲದಲ್ಲಿ ಎಷ್ಟಿತ್ತು: ಆರಂಭಿಕ ಸ್ಥಿತಿಯ ಲೆಕ್ಕ ಮತ್ತು ಎರಿ ಭೂಮಿಯ ಹಿಂಗಾರಿ

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ರೇಖೀಯ ವ್ಯವಸ್ಥೆಗಳ ಪಾಠ ಶುರುವಾಗಿ ಕೆಲವೇ ವಾರಕ್ಕೆ ಹುಡುಗರಿಗೆ ಒಂದು ವಾಕ್ಯ ಬಾಯಿಪಾಠವಾಗಿಬಿಡುತ್ತದೆ: ಆರಂಭಿಕ ಸ್ಥಿತಿ ಸೊನ್ನೆ ಎಂದು ಇಟ್ಟುಕೊಳ್ಳಿ. ಕೆಪ್ಯಾಸಿಟರಿನಲ್ಲಿ ಮೊದಲೇ ಚಾರ್ಜ್ ಇಲ್ಲ, ಸ್ಪ್ರಿಂಗನ್ನು ಯಾರೂ ಮೊದಲೇ ಎಳೆದಿಟ್ಟಿಲ್ಲ, ತೊಟ್ಟಿಯಲ್ಲಿ ನಿನ್ನೆಯ ನೀರಿಲ್ಲ. ಹಾಗೆ ಇಟ್ಟುಕೊಂಡರೆ ಲೆಕ್ಕ ಸಲೀಸು. ಒಳಗೆ ಏನು ಹಾಕಿದೆವು, ಹೊರಗೆ ಏನು ಬಂತು ಎಂಬ ಎರಡರ ಸಂಬಂಧವೊಂದನ್ನೇ ನೋಡಿದರೆ ಸಾಕು. ಉಳಿದದ್ದು ಹೇಗೂ ಸ್ವಲ್ಪ ಹೊತ್ತಿಗೆ ಅಳಿಸಿಹೋಗುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಹೊಲಗಳ ಹಿಂಗಾರಿ ಬೆಳೆಗೆ ಈ ವಾಡಿಕೆಯನ್ನು ಹಚ್ಚಿ ನೋಡಿ, ಅದು ನಿಲ್ಲುವುದಿಲ್ಲ. ಅಲ್ಲಿ ಬಿಳಿಜೋಳ, ಕಡ್ಲಿ, ಕುಸುಬಿ, ಗೋಧಿ ಬಿತ್ತುವುದು ಉತ್ತರಿ, ಹಸ್ತ, ಚಿತ್ತಿ ಮಳೆಗಳ ಆಸುಪಾಸಿನಲ್ಲಿ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೂರನೇ ವಾರದವರೆಗೆ. ಸ್ವಾತಿ ಮಳೆ ದಾಟಿದ ಮೇಲೆ ಮುಗಿಲನ್ನು ನೆಚ್ಚಿಕೊಂಡು ಯಾರೂ ಕೂರುವುದಿಲ್ಲ. ಕಡ್ಲಿ ಇಬ್ಬನಿಗೇ ಬೆಳೆಯುತ್ತದೆ ಎಂಬ ಮಾತೇನೋ ಇದೆ, ಆದರೆ ಇಬ್ಬನಿಯ ನೀರನ್ನು ಅಳೆದರೆ ಅದು ಬೆಳೆ ಬಯಸುವುದರ ಒಂದು ಚೂರು ಮಾತ್ರ. ಮೂರು ತಿಂಗಳು, ಮೂರೂವರೆ ತಿಂಗಳು ಆ ಬೆಳೆ ನಿಲ್ಲುವುದು ಬಿತ್ತುವ ದಿನ ನೆಲದೊಳಗೆ ಇದ್ದ ಹಸಿಯ ಮೇಲೆ. ಹೊರಗಿನಿಂದ ಬರುವ ಇನ್‌ಪುಟ್ ಬಹುಪಾಲು ಸೊನ್ನೆ, ಪ್ರತಿಕ್ರಿಯೆಯೆಲ್ಲ ಆರಂಭಿಕ ಸ್ಥಿತಿಯದು.

ಇಲ್ಲಿ ಮುಂದಿಡುವ ವಾದ ಇಷ್ಟು. ಆರಂಭಿಕ ಸ್ಥಿತಿ ಮುಖ್ಯವೋ ಅಲ್ಲವೋ ಎಂದು ಬರೀ ಆ ವ್ಯವಸ್ಥೆಯನ್ನು ನೋಡಿ ಹೇಳಲಾಗದು. ಅದರ ನೆನಪು ಎಷ್ಟು ದಿನದ್ದು, ನಾವು ಅದನ್ನು ಗಮನಿಸುವುದು ಎಷ್ಟು ದಿನ, ಈ ಎರಡನ್ನೂ ಒಟ್ಟಿಗಿಟ್ಟು ನೋಡಬೇಕು. ಕಾಲೇಜಿನ ಸರ್ಕೀಟಿನ ನೆನಪು ಮಿಲಿಸೆಕೆಂಡುಗಳದ್ದು, ನಾವು ನೋಡುವುದು ನಿಮಿಷಗಟ್ಟಲೆ. ಅಲ್ಲಿ ಸೊನ್ನೆ ಎಂದುಕೊಂಡರೆ ನಷ್ಟವಿಲ್ಲ. ಎರಿ ಭೂಮಿಯ ನೆನಪು ತಿಂಗಳುಗಳದ್ದು, ಬೆಳೆಯ ಆಯುಷ್ಯವೂ ತಿಂಗಳುಗಳದ್ದೇ. ಅಲ್ಲಿ ಸೊನ್ನೆ ಎಂದುಕೊಂಡರೆ ಉಳಿಯುವುದೇನೂ ಇಲ್ಲ. ಇಷ್ಟಾದರೂ ಬರ ಬಂದಿದೆಯೋ ಇಲ್ಲವೋ ಎಂದು ನಾವು ಮೊದಲು ಅಳೆಯುವುದು ಮಳೆಯನ್ನು, ಅಂದರೆ ಇನ್‌ಪುಟ್ಟನ್ನು. ಪಾಠದ ಕೋಣೆಯ ಅನುಕೂಲಕ್ಕೆ ಹುಟ್ಟಿದ ಅಭ್ಯಾಸ ತಾಲೂಕು ಕಚೇರಿಯವರೆಗೂ ನಡೆದುಬಂದಿದೆ ಎಂದರೆ ಸ್ವಲ್ಪ ಹೆಚ್ಚು ಹೇಳಿದಂತಾದೀತು. ಆದರೆ ಎರಡರ ಹಿಂದಿನ ಯೋಚನೆಯ ದಾರಿ ಒಂದೇ.

ಮೊದಲು ಶಾಸ್ತ್ರ ಏನು ಹೇಳುತ್ತದೆ ಎಂಬುದನ್ನು ಸರಿಯಾಗಿ ಇಟ್ಟುಕೊಳ್ಳಬೇಕು. ನೀರು ಹಿಡಿದುಕೊಳ್ಳುವ ಒಂದು ತಾಣ ಇದೆ ಎನ್ನಿ. ಅದರಿಂದ ದಿನವೂ ಹೊರಗೆ ಹೋಗುವ ನೀರು ಅದರಲ್ಲಿರುವ ನೀರಿಗೆ ಅನುಪಾತದಲ್ಲಿದ್ದರೆ ಅದೇ ಅತಿ ಸರಳವಾದ ರೇಖೀಯ ವ್ಯವಸ್ಥೆ. ಅದರ ಅವಕಲ ಸಮೀಕರಣವನ್ನು ಬಿಡಿಸಿದರೆ ಉತ್ತರ ಎರಡು ತುಂಡಾಗಿ ಬರುತ್ತದೆ. ಒಂದು, ಹೊರಗಿನಿಂದ ಏನೂ ಬಾರದಿದ್ದರೂ ಒಳಗಿದ್ದದ್ದು ತಾನಾಗಿ ಇಳಿಯುತ್ತ ಹೋಗುವ ಭಾಗ. ಇನ್ನೊಂದು, ಒಳಗೆ ಏನೂ ಇಲ್ಲದಿದ್ದಾಗ ಹೊರಗಿನಿಂದ ಬಂದದ್ದು ಮಾತ್ರ ಉಂಟುಮಾಡುವ ಭಾಗ. ಒಟ್ಟು ಪ್ರತಿಕ್ರಿಯೆ ಎಂದರೆ ಇವೆರಡರ ಬರೀ ಕೂಡಿಕೆ; ಒಂದು ಇನ್ನೊಂದನ್ನು ಹೆಚ್ಚಿಸುವುದೂ ಇಲ್ಲ, ತಗ್ಗಿಸುವುದೂ ಇಲ್ಲ. ಆರಂಭಿಕ ಸ್ಥಿತಿಯನ್ನು ಇಮ್ಮಡಿ ಮಾಡಿದರೆ ಮೊದಲ ಭಾಗ ಇಮ್ಮಡಿಯಾಗುತ್ತದೆ, ಎರಡನೆಯದು ಮಿಸುಕುವುದಿಲ್ಲ. ಇಳಿಕೆಯ ವೇಗವನ್ನು ಹೇಳುವುದು ಕಾಲ ಸ್ಥಿರಾಂಕ: ಅಷ್ಟು ದಿನ ಕಳೆದಾಗ ಮೊದಲಿದ್ದದ್ದರಲ್ಲಿ ಶೇ 37 ಉಳಿದಿರುತ್ತದೆ, ಅದರ ಮೂರರಷ್ಟು ದಿನಕ್ಕೆ ಶೇ 5, ಐದರಷ್ಟು ದಿನಕ್ಕೆ ಶೇ 1ಕ್ಕೂ ಕಡಿಮೆ. ಆರಂಭಿಕ ಸ್ಥಿತಿ ಎಂದೊಡನೆ ಕೆಲವರಿಗೆ 1963ರ ಎಡ್ವರ್ಡ್ ಲೊರೆಂಜ್ ಮತ್ತು ಚಿಟ್ಟೆಯ ರೆಕ್ಕೆಯ ಮಾತು ನೆನಪಾಗುತ್ತದೆ. ಅದು ಅರೇಖೀಯ ವ್ಯವಸ್ಥೆಗಳ ಕತೆ. ಅಲ್ಲಿ ಆರಂಭದ ಕೂದಲೆಳೆಯ ವ್ಯತ್ಯಾಸ ಬೆಳೆಯುತ್ತ ಹೋಗಿ ಮುನ್ಸೂಚನೆಯನ್ನೇ ಕೆಡಿಸುತ್ತದೆ. ಇಲ್ಲಿ ಹಾಗಿಲ್ಲ. ಎಷ್ಟು ವ್ಯತ್ಯಾಸವೋ ಅದಕ್ಕೆ ತಕ್ಕಷ್ಟೇ ಪರಿಣಾಮ, ಅದೂ ಲೆಕ್ಕಕ್ಕೆ ಸಿಗುವಂಥದ್ದು.

ಈ ಎರಡು ಭಾಗಗಳಲ್ಲಿ ಒಂದನ್ನು ಬದಿಗೆ ಸರಿಸುವ ರೂಢಿಗೂ ಒಂದು ಚರಿತ್ರೆಯಿದೆ. 19ನೇ ಶತಮಾನದ ಕೊನೆಯಲ್ಲಿ ಆಲಿವರ್ ಹೆವಿಸೈಡ್ ತಂತಿ ಸಮಾಚಾರದ ಸರ್ಕೀಟುಗಳಿಗಾಗಿ ರೂಪಿಸಿದ ಲೆಕ್ಕದ ವಿಧಾನ, ಎಲ್ಲವೂ ವಿಶ್ರಾಂತ ಸ್ಥಿತಿಯಿಂದ ಶುರುವಾಗುತ್ತದೆ ಎಂಬುದನ್ನೇ ನೆಚ್ಚಿಕೊಂಡಿತ್ತು. ಆತನ ನಂತರದವರು ಲಾಪ್ಲಾಸ್ ರೂಪಾಂತರದತ್ತ ಹೊರಳಿದ್ದಕ್ಕೆ ಒಂದು ಕಾರಣ, ಅದರಲ್ಲಿ ಆರಂಭದ ಬೆಲೆ ಸಮೀಕರಣದೊಳಗೇ ತಾನಾಗಿ ಬಂದು ಕೂರುತ್ತದೆ. ಮರೆತರೂ ಅದು ನಮ್ಮನ್ನು ಬಿಡುವುದಿಲ್ಲ. ಆದರೆ ಎಂಜಿನಿಯರುಗಳು ಟ್ರಾನ್ಸ್‌ಫರ್ ಫಂಕ್ಷನ್ ಎಂಬುದನ್ನು ಕಟ್ಟುವಾಗ ಆ ಬೆಲೆಯನ್ನು ಮತ್ತೆ ಸೊನ್ನೆ ಮಾಡಿಕೊಂಡರು. 1960ರ ಸುಮಾರಿಗೆ ರುಡಾಲ್ಫ್ ಕಾಲ್ಮನ್, ಆಮೇಲೆ 1963ರ ತಮ್ಮ ಪುಸ್ತಕದಲ್ಲಿ ಜಾಡೇ ಮತ್ತು ಡಿಸೋಯರ್, ಸ್ಥಿತಿ ಎಂಬ ಕಲ್ಪನೆಯನ್ನು ನಡುಮನೆಗೆ ತಂದರು: ಮುಂದೇನಾಗುತ್ತದೆ ಎಂದು ಹೇಳಲು ಹಿಂದಿನ ಕಾಲದ ಬಗ್ಗೆ ಕಡಿಮೆಯೆಂದರೂ ಎಷ್ಟು ತಿಳಿದಿರಬೇಕೋ ಅದೇ ಸ್ಥಿತಿ. ನೀರಿನ ಶಾಸ್ತ್ರದವರು ಇದನ್ನು ಬೇರೆ ಹೆಸರಿನಲ್ಲಿ ಮೊದಲೇ ಬಲ್ಲವರಾಗಿದ್ದರು. 1905ರಲ್ಲಿ ಫ್ರಾನ್ಸಿನ ಮಾಯೆ, ಮಳೆಯಿಲ್ಲದ ದಿನಗಳಲ್ಲಿ ಒರತೆಯ ಹರಿವು ಘಾತೀಯವಾಗಿ ಇಳಿಯುವುದನ್ನು ಸೂತ್ರಕ್ಕೆ ಕಟ್ಟಿದ್ದ. 1932ರಲ್ಲಿ ಅಮೆರಿಕದ ಶರ್ಮನ್, ಮಳೆಯೊಂದರಿಂದಲೇ ಏಳುವ ಹರಿವಿಗೆ ಯೂನಿಟ್ ಹೈಡ್ರೊಗ್ರಾಫ್ ಎಂಬ ರೇಖೀಯ ಲೆಕ್ಕ ಕೊಟ್ಟ. ಹಳ್ಳದ ಹರಿವನ್ನು ತಳಹರಿವು, ಮೇಲ್ಹರಿವು ಎಂದು ಎರಡಾಗಿ ಸೀಳುವ ಇಂದಿನ ಪದ್ಧತಿ, ಮೇಲೆ ಹೇಳಿದ ಎರಡು ಭಾಗಗಳನ್ನೇ ಸರಿಸುಮಾರು ಹೋಲುತ್ತದೆ.

ಈಗ ಹೊಲಕ್ಕೆ ಬರೋಣ. ಒಂದು ಮೀಟರ್ ಆಳದ ಎರಿಮಣ್ಣು ಬೆಳೆಯ ಬೇರಿಗೆ ಸಿಗುವಂಥ ನೀರನ್ನು 150ರಿಂದ 200 ಮಿ.ಮೀ.ನಷ್ಟು ಹಿಡಿಯಬಲ್ಲದು. ಅದರ ಜೇಡಿಯ ಕಣಗಳು ಪದರಪದರವಾಗಿದ್ದು ನೀರು ಹೀರಿ ಉಬ್ಬುವುದೇ ಇದಕ್ಕೆ ಕಾರಣ. ಮಳೆಗಾಲದಲ್ಲಿ ನೆಲ ಕಟ್ಟಿಕೊಳ್ಳುವ ಬುತ್ತಿ ಇದು. ಲೆಕ್ಕಕ್ಕೆಂದು ಎರಡು ಹೊಲ ಹಿಡಿಯೋಣ: ಬಿತ್ತುವ ದಿನ ಒಂದರಲ್ಲಿ 180 ಮಿ.ಮೀ., ಇನ್ನೊಂದರಲ್ಲಿ 120. ಕಾಲ ಸ್ಥಿರಾಂಕ ಎರಡಕ್ಕೂ 60 ದಿನ, ಬೆಳೆ 90 ದಿನದ್ದು. ನಡುವೆ, 60ನೇ ದಿನ, ಎರಡೂ ಹೊಲದ ಮೇಲೆ 20 ಮಿ.ಮೀ.ನ ಒಂದು ಅಕಾಲದ ಮಳೆ. ರಾಶಿಯ ಹೊತ್ತಿಗೆ ಮೊದಲ ಹೊಲದಲ್ಲಿ ಆರಂಭದ ನೀರಿನಲ್ಲಿ ಉಳಿದದ್ದು 40, ಎರಡನೆಯದರಲ್ಲಿ 27. ನಡುವಿನ ಮಳೆಯಲ್ಲಿ ಎರಡರಲ್ಲೂ ಉಳಿದದ್ದು ತಲಾ 12. ಅಂದರೆ ಮೊದಲ ಹೊಲ ಒಟ್ಟು 148 ಮಿ.ಮೀ. ಬಳಸಿತು, ಎರಡನೆಯದು 101. ಆರಂಭದ 60 ಮಿ.ಮೀ. ಅಂತರದಲ್ಲಿ 47 ಬೆಳೆಯ ಆಯುಷ್ಯದೊಳಗೇ ಅಂತರವಾಗಿ ಪ್ರಕಟವಾಯಿತು. ಗಮನಿಸಬೇಕಾದ್ದು ಮಳೆಯ ಪಾಲು. ಅದು ಎರಡೂ ಹೊಲಕ್ಕೆ ಕೊಟ್ಟದ್ದು ಸರಿಸಮ, ತಲಾ 8 ಮಿ.ಮೀ.; ಹಿಂದೆ ಬಿದ್ದ ಹೊಲವನ್ನು ಅದು ಮುಂದಕ್ಕೆ ತರಲಿಲ್ಲ. ಹಿಂಗಾರಿಯ ನಡುವೆ ಒಂದು ಮಳೆ ಬಿದ್ದರೆ ಎಲ್ಲ ಸರಿಹೋಗುತ್ತದೆ ಎಂಬ ಆಸೆಗೆ ಕೂಡಿಕೆಯ ನಿಯಮ ಕೊಡುವ ಉತ್ತರ ಇದು, ತುಸು ಕಠಿಣವಾದರೂ.

ಇದೇ ಧಾರವಾಡ ಜಿಲ್ಲೆಯ ಪಶ್ಚಿಮಕ್ಕೆ, ಕಲಘಟಗಿಯತ್ತ ಹೋದರೆ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ಮಲೆನಾಡಿನ ಸೆರಗು, ಮಳೆ ಹೆಚ್ಚು, ಮಣ್ಣು ಬಹಳ ಕಡೆ ಮಸಾರಿ. ತೆಳುವಾದ ಮಸಾರಿ ಮಣ್ಣು ಹಿಡಿಯುವುದು ಕಡಿಮೆ, ಬಿಡುವುದು ಬೇಗ. ಕಾಲ ಸ್ಥಿರಾಂಕ 15 ದಿನ ಎಂದಿಟ್ಟುಕೊಂಡರೆ ಒಂದೂವರೆ ತಿಂಗಳಿಗೆ ಆರಂಭದ ನೀರಿನ ಶೇ 5 ಮಾತ್ರ ಉಳಿದಿರುತ್ತದೆ. ಆಮೇಲೆ ಬೆಳೆಯನ್ನು ಆಳುವುದು ಮಳೆ ಎಷ್ಟು ದಿನಕ್ಕೊಮ್ಮೆ ಬಂತು ಎಂಬುದು, ಮೊದಲ ದಿನ ನೆಲ ಎಷ್ಟು ಹಸಿಯಾಗಿತ್ತು ಎಂಬುದಲ್ಲ. ಮಳೆ ಎಂಟು ಹತ್ತು ದಿನ ಕೈಕೊಟ್ಟರೆ ಮಸಾರಿ ಹೊಲದ ಬೆಳೆ ಬಾಡುತ್ತದೆ, ಎರಿ ಹೊಲದ ಬೆಳೆ ತಲೆ ಎತ್ತಿಯೇ ನಿಂತಿರುತ್ತದೆ ಎಂಬುದು ಯಾರಿಗೂ ಹೊಸ ಸುದ್ದಿಯಲ್ಲ. ಹೊಸದೇನಾದರೂ ಇದ್ದರೆ ಅದು ಒಂದೇ ಜಿಲ್ಲೆಗೆ ಒಂದೇ ಅಳತೆಗೋಲು ಸಾಲದು ಎಂಬುದಕ್ಕೆ ಸಿಗುವ ಕಾರಣ: ಕಲಘಟಗಿಯನ್ನು ಇನ್‌ಪುಟ್ಟಿನಿಂದ ಅಳೆಯಬಹುದು, ನವಲಗುಂದವನ್ನು ಸ್ಥಿತಿಯಿಂದ ಅಳೆಯಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಪಾಠದ ಕೋಣೆಯದೇ. ಸ್ಥಿರವಾದ ವ್ಯವಸ್ಥೆ ಕೊನೆಗೆ ತನ್ನ ಆರಂಭವನ್ನು ಮರೆಯುತ್ತದೆ. ತಾತ್ಕಾಲಿಕವಾದದ್ದಕ್ಕೆ ಇಷ್ಟು ಮಹತ್ವ ಯಾಕೆ? ಕೊನೆಗೆ ಎಂಬ ಮಾತಿನಲ್ಲೇ ಉತ್ತರ ಇದೆ. ಕಡ್ಲಿಗೆ ಆ ಕೊನೆ ಇಲ್ಲ. ಅದು 90ರಿಂದ 100 ದಿನದಲ್ಲಿ ಮುಗಿಯುತ್ತದೆ. ಅಣ್ಣಿಗೇರಿಯ ಸಂಶೋಧನಾ ಕೇಂದ್ರದಿಂದ ಬಂದು ನಾಡಿನಾಚೆಗೂ ಹೆಸರಾದ ಅಣ್ಣಿಗೇರಿ-1 ಎಂಬ ಕಡ್ಲಿ ತಳಿಯ ಬೆಲೆ ಇರುವುದೂ ಅದು ಬೇಗ ಬಲಿಯುತ್ತದೆ ಎಂಬುದರಲ್ಲಿ: ನೆಲದ ನೀರು ಮುಗಿಯುವುದರೊಳಗೆ ತನ್ನ ಕೆಲಸ ಮುಗಿಸುತ್ತದೆ. ತಳಿ ತಜ್ಞರು ಮಾಡಿದ್ದು ನೋಡುವ ಅವಧಿಯನ್ನು ನೆನಪಿನ ಅವಧಿಯೊಳಗೆ ತಂದಿಟ್ಟ ಕೆಲಸ. ಇನ್ನು, ಮರೆಯದೇ ಇರುವ ವ್ಯವಸ್ಥೆಗಳೂ ಇವೆ. ನವಲಗುಂದ ಸೀಮೆಯಲ್ಲಿ ಅಂತರ್ಜಲ ಬಹುಪಾಲು ಸೌಳು. ಹಾಗಾಗಿ ಕುಡಿಯುವ ನೀರಿಗೆ ಊರೂರಿಗೆ ಕೆರೆಯೇ ಗತಿ. ನವಲಗುಂದದ ನೀಲಮ್ಮನ ಕೆರೆಯಂಥ ಕೆರೆಯಲ್ಲಿ ಬೇಸಿಗೆಯಲ್ಲಿ ನೀರು ಇಳಿಯುವುದು ಆವಿಯಾಗಿ ಮತ್ತು ಜನರ ಬಳಕೆಯಿಂದ. ಇವೆರಡೂ ಕೆರೆಯಲ್ಲಿ ಎಷ್ಟು ನೀರಿದೆ ಎಂಬುದನ್ನು ಹೆಚ್ಚುಕಡಿಮೆ ಕೇಳುವುದೇ ಇಲ್ಲ. ತುಂಬಿದ ಕೆರೆಯೂ ದಿನಕ್ಕೆ ಅಷ್ಟೇ ಇಳಿಯುತ್ತದೆ, ಅರೆ ಕೆರೆಯೂ ಅಷ್ಟೇ. ಇಂಥದ್ದರ ಕಾಲ ಸ್ಥಿರಾಂಕ ಅನಂತ. ದಿನಕ್ಕೆ ಒಂದು ಸೆಂಟಿಮೀಟರ್ ಇಳಿಯುತ್ತದೆ ಎಂದು ಹಿಡಿದರೆ, ಫೆಬ್ರವರಿಯಲ್ಲಿ 30 ಸೆಂಟಿಮೀಟರ್ ಕಡಿಮೆ ಇದ್ದ ಕೆರೆ ಸರಿಯಾಗಿ 30 ದಿನ ಮೊದಲು ತಳ ಕಾಣುತ್ತದೆ. ಆರಂಭದ ವ್ಯತ್ಯಾಸ ಕರಗಲಿಲ್ಲ, ದಿನಗಳ ಲೆಕ್ಕಕ್ಕೆ ತಿರುಗಿ ನಿಂತಿತು. ಆ ಕೆರೆಗಳಿಗೆ ಮಲಪ್ರಭೆಯ ಕಾಲುವೆಯಿಂದ ನೀರು ಬಿಡಬೇಕೆಂಬ ಬೇಸಿಗೆಯ ಕೂಗು ಹುಟ್ಟುವುದು ಇಲ್ಲಿಯೇ. ಆ ಕಾಲುವೆಗೆ ನೀರು ಕೊಡುವ ನವಿಲುತೀರ್ಥದ ಆಣೆಕಟ್ಟೂ ಇದೇ ಜಾತಿಯದು: 37.73 ಟಿಎಂಸಿ ಅಡಿ ಹಿಡಿಯುವಂತೆ ಕಟ್ಟಿ ಮುಗಿದದ್ದು 1970ರ ದಶಕದ ಆರಂಭದಲ್ಲಿ, ಆದರೆ ಪೂರ್ತಿ ತುಂಬದ ವರ್ಷಗಳೇ ಹೆಚ್ಚು. ಜೂನ್ 1ರಂದು ಅದರಲ್ಲಿ ಉಳಿದಿರುವುದು ಹಿಂದಿನ ವರ್ಷದ ಕೊನೆಯೂ ಹೌದು, ಮುಂದಿನ ವರ್ಷದ ಆರಂಭಿಕ ಸ್ಥಿತಿಯೂ ಹೌದು. 2018ರ ಆಗಸ್ಟ್ 14ರ ಮಹದಾಯಿ ನ್ಯಾಯಮಂಡಳಿಯ ತೀರ್ಪು ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ಕೊಟ್ಟ 3.90 ಟಿಎಂಸಿ ಅಡಿಯ ಸುತ್ತ ಇಷ್ಟು ಜಗ್ಗಾಟ ಯಾಕೆ ಎಂದು ಹೊರಗಿನವರಿಗೆ ಅನಿಸಬಹುದು. ತಾನಾಗಿ ಮರೆಯದ ತಾಣದಲ್ಲಿ ಸಣ್ಣ ಇನ್‌ಪುಟ್ಟೂ ಬಳಸುವ ತನಕ ಉಳಿದೇ ಇರುತ್ತದೆ.

ಎರಡನೇ ಆಕ್ಷೇಪ ಇದಕ್ಕಿಂತ ಚುರುಕಾದದ್ದು. ಬಿತ್ತುವ ದಿನದ ಹಸಿ ಆಕಾಶದಿಂದ ಬೇರೆ ಬಂತೇ? ಅದೂ ಜೂನ್‌ನಿಂದ ಬಿದ್ದ ಮಳೆಯೇ. ಗಡಿಯಾರವನ್ನು ಅಕ್ಟೋಬರಿನ ಬದಲು ಜೂನ್‌ನಿಂದ ಶುರುಮಾಡಿದರೆ ಆರಂಭಿಕ ಸ್ಥಿತಿ ಎಂಬುದು ಇನ್‌ಪುಟ್ಟಿನೊಳಗೇ ಕರಗಿಹೋಗುತ್ತದೆ. ಮಳೆಯ ಅಂಕಿಯೊಂದಿದ್ದರೆ ಸಾಕಲ್ಲ? ಶಾಸ್ತ್ರದ ಮಟ್ಟದಲ್ಲಿ ಇದು ಸರಿ. ರೇಖೀಯ ವ್ಯವಸ್ಥೆಯಲ್ಲಿ ಯಾವ ಆರಂಭಿಕ ಸ್ಥಿತಿಯನ್ನೂ ಆ ಕ್ಷಣದಲ್ಲಿ ಒಮ್ಮೆಗೇ ಸುರಿದ ಇನ್‌ಪುಟ್ ಎಂದು ಓದಬಹುದು. ಖಾಲಿ ನೆಲದ ಮೇಲೆ 180 ಮಿ.ಮೀ. ಮಳೆ ಒಂದೇ ಕ್ಷಣಕ್ಕೆ ಬಿದ್ದು ಪೂರ್ತಿ ಒಳಗಿಳಿದಂತೆ. ಪುಸ್ತಕಗಳಲ್ಲಿ ಸೊನ್ನೆಗೆ ತುಸು ಮೊದಲು, ಸೊನ್ನೆಗೆ ತುಸು ಆಮೇಲೆ ಎಂದು ಎರಡು ಸೊನ್ನೆಗಳನ್ನು ಬೇರ್ಪಡಿಸಿ ಎಳೆದಾಡುವುದೆಲ್ಲ ಈ ಒಮ್ಮೆಗೇ ಸುರಿದದ್ದನ್ನು ಎರಡು ಸಲ ಎಣಿಸದಿರಲಿ ಎಂದು. ಆದರೆ ಒಳಗಿಳಿದಂತೆ ಎಂಬ ಷರತ್ತೇ ಇಲ್ಲಿ ಎಲ್ಲ. 300 ಮಿ.ಮೀ. ಮಳೆ ಮೂರು ದಿನದಲ್ಲಿ ಸುರಿದರೆ ಬಹುಪಾಲು ಬೆಣ್ಣಿಹಳ್ಳದ ಪಾಲು. ಅದೇ ಮಳೆ ಆರು ವಾರ ಹನಿಹನಿಯಾಗಿ ಬಂದರೆ ನೆಲದ ಪಾಲು. ಮಳೆಮಾಪಕದ ಪುಸ್ತಕದಲ್ಲಿ ಎರಡೂ 300. ಒಡ್ಡು ಒಡೆದ ಹೊಲ, ಒಡ್ಡು ಗಟ್ಟಿಯಿದ್ದ ಹೊಲ, ಚೌಕು ಮಡಿ ಮಾಡಿ ನೀರು ನಿಲ್ಲಿಸಿದ ಹೊಲ, ಇವು ಮೂರೂ ಒಂದೇ ಮಳೆಮಾಪಕದ ಕೆಳಗಿದ್ದೂ ಅಕ್ಟೋಬರಿಗೆ ಮೂರು ಬೇರೆ ಸ್ಥಿತಿಗಳಲ್ಲಿ ಇರುತ್ತವೆ. ಕಾಲ್ಮನ್ ಮತ್ತು ಸಂಗಡಿಗರು ಸ್ಥಿತಿಯನ್ನು ಇನ್‌ಪುಟ್ಟಿನಿಂದ ಬೇರ್ಪಡಿಸಿದ್ದರ ಉಪಯೋಗ ಇದೇ: ಇಡೀ ಚರಿತ್ರೆಯನ್ನು ಮತ್ತೆ ಕೂಡುವ ಬದಲು, ಚರಿತ್ರೆ ಬಿಟ್ಟುಹೋದದ್ದನ್ನು ನೇರವಾಗಿ ಅಳೆದುಕೊಳ್ಳಬಹುದು. ನಮ್ಮ ದೇಶದ 2016ರ ಬರ ನಿರ್ವಹಣಾ ಕೈಪಿಡಿಯಲ್ಲಿ ಮೊದಲ ಬಾಗಿಲು ಮಳೆಯ ಕೊರತೆ ಮತ್ತು ಮಳೆಯ ಬಿಡುವು. ಆ ಬಾಗಿಲು ದಾಟಿದ ಮೇಲೆ ನೋಡುವ ಸೂಚಕಗಳಲ್ಲಿ ಮಣ್ಣಿನ ತೇವಾಂಶವೂ ಒಂದು. ಕಲಘಟಗಿಯಂಥ ನೆಲಕ್ಕೆ ಈ ಸರದಿ ಒಪ್ಪುತ್ತದೆ. ಎರಿ ಸೀಮೆಯ ಹಿಂಗಾರಿಗೆ ಸರದಿ ತಿರುವುಮುರುವಾಗಬೇಕು ಎಂಬುದು ನನ್ನ ಎಣಿಕೆ.

ಮೂರನೇ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು, ಅದನ್ನು ಹಾರಿಸಿ ಹೋಗುವಂತಿಲ್ಲ. ಮಣ್ಣು ರೇಖೀಯ ವ್ಯವಸ್ಥೆಯೇ ಅಲ್ಲ ಎಂಬುದು ಅದು. ಬೇಸಿಗೆಯ ಎರಿ ಹೊಲದಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳಿರುತ್ತವೆ. ಮೊದಲ ಮಳೆ ಮೇಲ್ಮಣ್ಣನ್ನು ಬಿಟ್ಟು ನೇರ ಬಿರುಕಿನ ತಳಕ್ಕೆ ಹೋಗುತ್ತದೆ. ನೆಲ ಉಬ್ಬಿ ಬಿರುಕು ಮುಚ್ಚಿದ ಮೇಲೆ ಅದೇ ನೆಲ ನೀರನ್ನು ಒಳಗೆ ಬಿಡಲು ಮೊಂಡುತನ ಮಾಡುತ್ತದೆ. ಇನ್‌ಪುಟ್ ಒಂದೇ, ಸ್ಥಿತಿ ಬೇರೆಯಾದೊಡನೆ ನೆಲದ ನಡವಳಿಕೆಯೇ ಬೇರೆ; ಕೂಡಿಕೆಯ ನಿಯಮ ಇಲ್ಲಿ ಮುರಿಯುತ್ತದೆ. ಎಷ್ಟು ಮುರಿಯುತ್ತದೆ ಎಂಬುದಕ್ಕೆ ಅಮೆರಿಕದ ಮಣ್ಣು ಸಂರಕ್ಷಣಾ ಸೇವೆ 1950ರ ದಶಕದಲ್ಲಿ ರೂಪಿಸಿದ, ಇವತ್ತಿಗೂ ನಮ್ಮಲ್ಲಿ ಬಳಕೆಯಲ್ಲಿರುವ ಕರ್ವ್ ನಂಬರ್ ಲೆಕ್ಕವನ್ನೇ ನೋಡಬಹುದು. ಅದರಲ್ಲಿ ಹಿಂದಿನ ಐದು ದಿನದ ಮಳೆಯ ಮೇಲೆ ನೆಲವನ್ನು ಒಣ, ಸಾಧಾರಣ, ತೋಯ್ದ ಎಂದು ಮೂರು ದರ್ಜೆ ಮಾಡುತ್ತಾರೆ. ಸಾಧಾರಣ ದರ್ಜೆಯಲ್ಲಿ ಕರ್ವ್ ನಂಬರ್ 75 ಇರುವ ನೆಲಕ್ಕೆ ಒಣಗಿದಾಗ 57, ತೋಯ್ದಾಗ 88. ಇಂಥ ನೆಲದ ಮೇಲೆ 75 ಮಿ.ಮೀ. ಮಳೆ ಬಿತ್ತೆನ್ನಿ. ನೆಲ ಒಣಗಿದ್ದರೆ ಹರಿದುಹೋಗುವುದು ಸುಮಾರು 6 ಮಿ.ಮೀ., ಸಾಧಾರಣವಾಗಿದ್ದರೆ 24, ತೋಯ್ದಿದ್ದರೆ 45. ಮಳೆ ಒಂದೇ ಇದ್ದೂ ಹಳ್ಳಕ್ಕೆ ಬರುವ ನೀರಿನಲ್ಲಿ ಏಳು ಪಟ್ಟು ವ್ಯತ್ಯಾಸ. ಎರಿಮಣ್ಣಿಗೆ ಇದೂ ಸಾಲದೆಂದು ನಮ್ಮ ಕೇಂದ್ರ ಕೃಷಿ ಸಚಿವಾಲಯದ 1972ರ ಕೈಪಿಡಿ, ಬಿರುಕು ತುಂಬುವ ಮೊದಲು ಒಂದು, ತುಂಬಿದ ಮೇಲೆ ಒಂದು ಎಂದು ಬೇರೆಬೇರೆ ಗುಣಕ ಕೊಟ್ಟಿತು. ದುಂಡಶಿಯ ಕಡೆಯಿಂದ ಹುಟ್ಟಿ ಕುಂದಗೋಳ, ಹುಬ್ಬಳ್ಳಿ, ನವಲಗುಂದದ ಎರಿ ಬಯಲನ್ನು ಹಾಯ್ದು ಮಲಪ್ರಭೆ ಸೇರುವ ಬೆಣ್ಣಿಹಳ್ಳ, ಅದಕ್ಕೆ ನಡುವೆ ಕೂಡುವ ತುಪ್ಪರಿಹಳ್ಳ, ಇವು ಮುಂಗಾರಿನ ಮೊದಲ ದೊಡ್ಡ ಮಳೆಗೆ ಸುಮ್ಮನಿದ್ದು ಮಳೆಗಾಲದ ಕೊನೆಯ ಮಳೆಗೆ ಹೊಲ, ರಸ್ತೆ ನುಂಗುವುದು ಇದರಿಂದಲೇ. ಉತ್ತರ ಕರ್ನಾಟಕದ ದೊಡ್ಡ ನೆರೆ 2009ರಲ್ಲಿ ಬಂದದ್ದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ, ಮಳೆಗಾಲವಿಡೀ ನೀರು ಕುಡಿದ ನೆಲದ ಮೇಲೆ ಎಂಬುದನ್ನು ಮರೆಯಬಾರದು.

ಹಾಗಾದರೆ ರೇಖೀಯ ಲೆಕ್ಕವನ್ನು ಬಿಡಬೇಕೇ? ಬೇಡ, ಅದು ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂಬ ಗಡಿಯನ್ನು ಗುರುತಿಸಿಕೊಳ್ಳಬೇಕು. ನೆಲಕ್ಕೆ ಮೂರು ನಡೆಗಳಿವೆ. ಪೂರ್ತಿ ತುಂಬಿದಾಗ ಹೆಚ್ಚಿನದು ಹರಿದುಹೋಗುತ್ತದೆ. ಎರಡು ಹೊಲಗಳ ನಡುವೆ ಮೊದಲಿದ್ದ ಅಂತರ ಅಲ್ಲಿಗೆ ಅಳಿಸಿಹೋಯಿತು, ಎರಡೂ ಒಂದೇ ಸ್ಥಿತಿಯಿಂದ ಹೊರಡುತ್ತವೆ. ತಕ್ಕಮಟ್ಟಿಗೆ ಹಸಿಯಿದ್ದಾಗ ಬೆಳೆ ತನಗೆ ಬೇಕಾದಷ್ಟನ್ನು ಬಿಸಿಲು, ಗಾಳಿ ಕೇಳಿದಂತೆ ಎಳೆಯುತ್ತದೆ, ನೆಲದಲ್ಲಿ ಎಷ್ಟಿದೆ ಎಂದು ನೋಡುವುದಿಲ್ಲ; ಅಂತರ ಕೆರೆಯಲ್ಲಿದ್ದಂತೆ ಇದ್ದಷ್ಟೇ ಉಳಿಯುತ್ತದೆ. ಹಸಿ ಒಂದು ಮಟ್ಟಕ್ಕಿಂತ ಕೆಳಗಿಳಿದ ಮೇಲೆ ಎಳೆಯುವುದು ಉಳಿದದ್ದಕ್ಕೆ ಅನುಪಾತವಾಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 1998ರ 56ನೇ ಕೈಪಿಡಿಯೂ ಈ ಹಂತಕ್ಕೆ ನೇರಗೆರೆಯ ಇಳಿಕೆಯನ್ನೇ ಹಾಕಿದೆ. ನಮ್ಮ ಘಾತೀಯ ಲೆಕ್ಕ ಪೂರ್ತಿ ಸಲ್ಲುವುದು ಇಲ್ಲಿ. ಟೆಕ್ಸಸ್‌ನ ಟೆಂಪಲ್ ಊರಿನಲ್ಲಿ ನಮ್ಮ ಎರಿಗೆ ಸೋದರನಂಥ ಕರಿಮಣ್ಣಿನ ನಡುವೆ ಕೆಲಸ ಮಾಡಿದ ರಿಚಿ, 1972ರಲ್ಲಿ ಬರಿ ನೆಲದಿಂದ ಆವಿಯಾಗುವ ನೀರಿಗೂ ಇಂಥದೇ ಎರಡು ಹಂತ ತೋರಿಸಿದ. ಎರಡನೇ ಹಂತ ಅಲ್ಲಿ ಸ್ವಲ್ಪ ಬೇರೆ ಸೂತ್ರದಲ್ಲಿ ನಡೆಯುತ್ತದೆ, ತುಂಡುತುಂಡಾಗಿ ನೋಡುವ ಕ್ರಮ ಮಾತ್ರ ಅದೇ. ಇದನ್ನು ಸೇರಿಸಿಕೊಂಡರೆ ನಮ್ಮ ಎರಡು ಹೊಲಗಳ ಕತೆ ಇನ್ನೂ ಬಲವಾಗುತ್ತದೆ, ಸಡಿಲವಾಗುವುದಿಲ್ಲ. ಬೆಳೆ ದಿನಕ್ಕೆ 4 ಮಿ.ಮೀ. ಎಳೆಯುವ ಹಂತದಲ್ಲಿ 60 ಮಿ.ಮೀ. ಅಂತರ ಎಂದರೆ ಬರೋಬ್ಬರಿ 15 ದಿನದ ಪೂರ್ತಿ ನೀರು. ಜೋಳಕ್ಕೆ ತೆನೆ ಹಾಲುಗಟ್ಟುವ ಹೊತ್ತಿನಲ್ಲಿ, ಕಡ್ಲಿಗೆ ಕಾಯಿ ಕಟ್ಟುವ ಹೊತ್ತಿನಲ್ಲಿ ಆ 15 ದಿನ ಸಿಕ್ಕಿತೋ ಇಲ್ಲವೋ ಎಂಬುದರ ಮೇಲೆ ರಾಶಿ ನಿಂತಿರುತ್ತದೆ.

ಇಲ್ಲಿಯವರೆಗೆ ಸ್ಥಿತಿಯನ್ನು ಒಂದು ಅಂಕಿಯಾಗಿ ಮಾತಾಡಿದ್ದಾಯಿತು. ನಿಜದಲ್ಲಿ ಅದು ಹಲವು ಅಂಕಿಗಳ ಗುಂಪು, ವಿಷಯ ನಿಜಕ್ಕೂ ರುಚಿಸುವುದು ಇಲ್ಲಿಯೇ. ನೆಲದ ಮೇಲಿನ ನಾಲ್ಕಾರು ಬೆರಳಿನ ಪದರ ಕೆಲವೇ ದಿನಕ್ಕೆ ಒಣಗುತ್ತದೆ. ಅದರ ಕಾಲ ಸ್ಥಿರಾಂಕ ಗಿಡ್ಡ. ಕೆಳಗಿನ ಮೀಟರಿನದು ತಿಂಗಳುಗಳದ್ದು. ಒಟ್ಟು 150 ಮಿ.ಮೀ. ನೀರು ಎರಡು ಹೊಲದಲ್ಲೂ ಇದೆ. ಒಂದರಲ್ಲಿ 20 ಮೇಲೆ, 130 ಕೆಳಗೆ, ಇನ್ನೊಂದರಲ್ಲಿ ಮೇಲೆ ಏನೂ ಇಲ್ಲ, ಎಲ್ಲ ಕೆಳಗೇ. ಒಟ್ಟು ಒಂದೇ ಆದರೂ ಎರಡನೇ ಹೊಲದಲ್ಲಿ ಬೀಜ ಮೊಳೆಯುವುದಿಲ್ಲ, ಏಕೆಂದರೆ ಬೀಜ ಓದುವುದು ಮೇಲಿನ ಪದರವನ್ನು ಮಾತ್ರ. ರೇಖೀಯ ವ್ಯವಸ್ಥೆಗಳ ಶಾಸ್ತ್ರದಲ್ಲಿ ಇದನ್ನು ಆರಂಭಿಕ ಸ್ಥಿತಿಯ ದಿಕ್ಕು ಎನ್ನುತ್ತಾರೆ: ಎಷ್ಟು ಎಂಬುದರ ಜೊತೆಗೆ ಯಾವ ಕಡೆ ಎಂಬುದೂ ಸೇರಿ ವೇಗದ ನಡೆ ಏಳುತ್ತದೋ ನಿಧಾನದ ನಡೆ ಏಳುತ್ತದೋ ತೀರ್ಮಾನವಾಗುತ್ತದೆ. ಕೂರಿಗಿಯ ತಾಳು ಎಷ್ಟು ಆಳಕ್ಕೆ ಇಳಿಯಬೇಕು ಎಂದು ಬಿತ್ತುವವರು ಹೊಲದ ಬದುವಿಗೆ ಕೂತು ನೋಡುವುದು ಇದನ್ನೇ. ಒಣ ಮೇಲ್ಮಣ್ಣನ್ನು ಸರಿಸಿ ಬೀಜ ಬೀಳುವ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಚುಕುತ್ತಾರೆ. ಅದು ಉಂಡಿ ಕಟ್ಟಿ, ಕೆಳಗೆ ಬಿಟ್ಟಾಗ ಎರಡು ಮೂರು ಹೋಳಾದರೆ ಹದ, ಪುಡಿಯಾದರೆ ತಡವಾಯಿತು, ಬೆರಳಿಗೆ ಮೆತ್ತಿದರೆ ಇನ್ನೂ ತಡೆಯಬೇಕು. ಕಡ್ಲಿಯನ್ನು ತುಸು ಆಳಕ್ಕೆ ಬಿತ್ತಿದರೂ ನಡೆಯುತ್ತದೆ ಎಂಬ ಕಾರಣಕ್ಕೆ, ಮೇಲ್ಪದರ ಒಣಗಿದ ವರ್ಷ ಜೋಳದ ಬದಲು ಕಡ್ಲಿಗೆ ಹೊರಳುವುದೂ ಉಂಟು. ಬೆಳೆ ಎದ್ದ ಮೇಲೆ ಎಡಿ ಹೊಡೆಯುವುದು ಇನ್ನೊಂದು ಬಗೆಯ ಕೈಚಳಕ. ಎಡಿಕುಂಟಿ ಕಳೆಯನ್ನು ಕೀಳುತ್ತದೆ, ಬಿರುಕನ್ನು ಮುಚ್ಚುತ್ತದೆ, ಮೇಲೆ ಪುಡಿಮಣ್ಣಿನ ಹೊದಿಕೆ ಹಾಸುತ್ತದೆ; ಒಂದು ಹನಿ ನೀರನ್ನೂ ಅದು ಸೇರಿಸುವುದಿಲ್ಲ, ಇದ್ದದ್ದು ಹೋಗುವ ವೇಗವನ್ನು ಮಾತ್ರ ತಗ್ಗಿಸುತ್ತದೆ. ಒಡ್ಡು ಆರಂಭಿಕ ಸ್ಥಿತಿಯನ್ನು ಬದಲಿಸುತ್ತದೆ, ಎಡಿಕುಂಟಿ ಕಾಲ ಸ್ಥಿರಾಂಕವನ್ನು ಬದಲಿಸುತ್ತದೆ, ಇನ್‌ಪುಟ್ ಯಾರ ಕೈಯಲ್ಲೂ ಇಲ್ಲ.

ಅಳತೆಯ ಮಾತು ಬಂದಾಗ ಈ ಪದರಗಳೇ ತೊಡಕು. ಯುರೋಪಿನ ಸ್ಮಾಸ್ ಉಪಗ್ರಹ 2010ರಿಂದ, ಅಮೆರಿಕದ ಸ್ಮ್ಯಾಪ್ 2015ರಿಂದ ಭೂಮಿಯ ತೇವವನ್ನು ಅಳೆಯುತ್ತಿವೆ, ಆದರೆ ಅವುಗಳ ನೋಟ ಮೇಲಿನ ಐದು ಸೆಂಟಿಮೀಟರಿನಷ್ಟು. ಅಂದರೆ ಅವು ನೋಡುವುದು ಬೇಗ ಮರೆಯುವ ಪದರವನ್ನು. ಹಿಂಗಾರಿಯನ್ನು ಸಾಕುವ ಪದರ ಅವಕ್ಕೆ ನೇರ ಕಾಣಿಸದು. ಮೇಲಿನದನ್ನು ದಿನವೂ ನೋಡುತ್ತ ಹೋದರೆ ಕೆಳಗಿನದನ್ನು ಊಹಿಸಬಹುದೇ ಎಂಬ ಪ್ರಶ್ನೆಗೆ ಕಾಲ್ಮನ್ ಕೊಟ್ಟ ಉತ್ತರ: ಎರಡು ಪದರಗಳ ನಡುವೆ ಕೊಡುಕೊಳ್ಳುವಿಕೆ ಇದ್ದರೆ ಸಾಧ್ಯ, ಇಲ್ಲದಿದ್ದರೆ ಎಷ್ಟು ವರ್ಷ ನೋಡಿದರೂ ಅಸಾಧ್ಯ. ಎರಿಯಲ್ಲಿ ಮೇಲ್ಪದರ ಒಣಗಿ ಪುಡಿಯಾದ ಮೇಲೆ ಆ ಕೊಡುಕೊಳ್ಳುವಿಕೆ ಬಹುತೇಕ ನಿಂತೇಹೋಗುತ್ತದೆ. ನೀರು ಮೇಲೇರದಂತೆ ಎಡಿಕುಂಟಿ ಮಾಡುವುದೂ ಅದನ್ನೇ. ಬೆಳೆಗೆ ಒಳ್ಳೆಯದಾದದ್ದು ಉಪಗ್ರಹಕ್ಕೆ ಕುರುಡಾಯಿತು. ಹಾಗಾಗಿ ಆಳದ ಸ್ಥಿತಿಯನ್ನು ತಿಳಿಯಲು ನೆಲಕ್ಕೆ ಗುಣಿ ತೋಡುವುದೇ ಇವತ್ತಿಗೂ ನಂಬಬಹುದಾದ ದಾರಿ. ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕ ನಿಲ್ಲಿಸಿರುವ ರಾಜ್ಯಕ್ಕೆ, ಹಸ್ತ ಮಳೆಯ ಹೊತ್ತಿಗೆ ಎರಿ ಸೀಮೆಯ ಪಂಚಾಯಿತಿಗಳಲ್ಲಿ ಮೂರು ಆಳದ ಮಣ್ಣು ತೆಗೆದು ತೂಗಿ, ಒಣಗಿಸಿ, ಮತ್ತೆ ತೂಗುವುದು ದುಬಾರಿ ಕೆಲಸವೇನಲ್ಲ. ಹೊಲಹೊಲದ ನಡುವಿನ ಅಂತರವೆಲ್ಲ ಅದರಲ್ಲಿ ಸಿಗುವುದಿಲ್ಲ ಎಂದು ಹೇಳಬಹುದು, ಮಳೆಮಾಪಕದಲ್ಲೂ ಸಿಗುವುದಿಲ್ಲ.

ಈ ಅಳತೆ ಇಲ್ಲದಿರುವುದರ ತೂಕ ಗೊತ್ತಾಗುವುದು ಹೆಸರಿನ ಬೆಳೆಯ ಹತ್ತಿರ ಬಂದಾಗ. ಹಿಂದೆ ಎರಿ ಹೊಲವನ್ನು ಮುಂಗಾರಿಯಲ್ಲಿ ಖಾಲಿ ಬಿಟ್ಟು, ಕುಂಟಿ ಹೊಡೆದು, ಮಳೆಯನ್ನೆಲ್ಲ ನೆಲಕ್ಕೆ ಕುಡಿಸಿ ಹಿಂಗಾರಿಗೆ ಕಾಯುವ ಪದ್ಧತಿ ಇತ್ತು. ಒಂದು ಹಂಗಾಮಿನ ಬೆಳೆಯನ್ನು ಬಿಟ್ಟುಕೊಟ್ಟು ಇನ್ನೊಂದು ಹಂಗಾಮಿನ ಆರಂಭಿಕ ಸ್ಥಿತಿಯನ್ನು ಕಟ್ಟುವ ವ್ಯವಹಾರ ಅದು. ಈಗ ನವಲಗುಂದ, ಅಣ್ಣಿಗೇರಿಯ ಕಡೆ ಜೂನ್‌ನಲ್ಲಿ ಹೆಸರು ಬಿತ್ತಿ, ಆಗಸ್ಟ್ ಕೊನೆಯ ಸುಮಾರಿಗೆ ಅದನ್ನು ಕಿತ್ತು, ಅದೇ ಹೊಲಕ್ಕೆ ಕಡ್ಲಿ ಬಿತ್ತುತ್ತಾರೆ. ಹೆಸರು ಎಳೆದುಕೊಂಡ ನೀರು ಕಡ್ಲಿಗೆ ನಷ್ಟವೇ ಎಂಬ ಚರ್ಚೆಗೆ ಹೌದು, ಇಲ್ಲ ಎಂಬ ಎರಡೂ ಉತ್ತರ ಕೊಡುವವರಿದ್ದಾರೆ. ಇಬ್ಬರೂ ತಮ್ಮ ತಮ್ಮ ವರ್ಷಕ್ಕೆ ಸರಿ. ಸೆಪ್ಟೆಂಬರಿನ ಮಳೆ ನೆಲವನ್ನು ಪೂರ್ತಿ ತುಂಬಿಸಿದ ವರ್ಷ, ಹೆಸರು ಕಿತ್ತ ಹೊಲವೂ ಖಾಲಿ ಬಿಟ್ಟ ಹೊಲವೂ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತವೆ. ಹೆಚ್ಚಿನದು ಹಳ್ಳಕ್ಕೆ ಹೋಯಿತು, ಅಂತರ ಅಳಿಸಿತು, ಹೆಸರಿನ ಹಣ ನಿವ್ವಳ ಲಾಭ. ಆ ಮಳೆ ಅರ್ಧಕ್ಕೇ ನಿಂತ ವರ್ಷ ಅಂತರ ಹಾಗೇ ಉಳಿಯುತ್ತದೆ, ಡಿಸೆಂಬರಿನವರೆಗೆ ಕಣ್ಣಿಗೆ ಕಾಣುವುದಿಲ್ಲ, ಕಾಯಿ ಕಟ್ಟುವ ಹೊತ್ತಿಗೆ ಎದ್ದುಬರುತ್ತದೆ. ಆಗ ಪರಿಹಾರಕ್ಕೆ, ಹವಾಮಾನ ಆಧರಿಸಿದ ವಿಮೆಗೆ ಮಳೆಯ ಪುಸ್ತಕ ತೆರೆದರೆ ಅಕ್ಕಪಕ್ಕದ ಆ ಎರಡು ಹೊಲಗಳಿಗೂ ಅದರಲ್ಲಿ ಬರೆದಿರುವುದು ಒಂದೇ ಅಂಕಿ.